ಓದಲು ತಡವರಿಸುವ ಮಗುವಿಗೊಂದು ಮೇಜು: ಏಳು ಸೂತ್ರಗಳು

ಓದು ಬಾರದ ಮಗು ಕೊನೆಯ ಬೆಂಚು ಹಿಡಿಯುತ್ತದೆ. ಗುರುಗಳ ಕಣ್ಣು ಅಲ್ಲಿಗೆ ಹೋಗುವುದೇ ಕಡಿಮೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯವಿಡೀ ಹಬ್ಬಿದ ನಲಿ-ಕಲಿ ಪದ್ಧತಿ, ಮಕ್ಕಳನ್ನು ಸಾಲಿನಿಂದ ಎಬ್ಬಿಸಿ ಗುಂಪಾಗಿ ಕೂಡಿಸಿತು. ಅದನ್ನು ಇನ್ನಷ್ಟು ಫಲಕಾರಿ ಮಾಡಲು ರಾಮದುರ್ಗ ಸುತ್ತಿನ ನಮ್ಮ ತೊರಗಲ್ ಸೀಮೆಯ ಅಕ್ಕೋರು, ಗುರುಗಳು ಹೀಗೆ ಮಾಡಬಹುದು.

1. ಜಾಗ ಮೊದಲು. ಶಿಕ್ಷಕರ ಸಂಪೂರ್ಣ ಬೆಂಬಲ ಬೇಕಾದ ಗುಂಪನ್ನು ಬಾಗಿಲಿನಿಂದ ದೂರ, ಬೆಳಕಿರುವ ಮೂಲೆಯಲ್ಲಿ ಕೂಡಿಸಿ. ಒಮ್ಮೆಗೆ ನಾಲ್ಕೈದು ಮಕ್ಕಳು ಸಾಕು.

2. ಅರ್ಧಚಂದ್ರಾಕಾರವಾಗಿ ಕೂಡಿಸಿ. ದುಂಡು ಮೇಜಿನ ನಡುವೆ ಒಂದೇ ಕಾರ್ಡ್ ಇಟ್ಟರೆ ಅರ್ಧ ಮಕ್ಕಳಿಗೆ ಅದು ತಲೆಕೆಳಗು. ‘ಕಿತ್ತೂರು’, ‘ಸವದತ್ತಿ’ ಓದಿಸಿ ನೋಡಿ: ‘ತ’ದ ಕೆಳಗಿರುವ ಒತ್ತು ಎದುರಿನ ಮಗುವಿಗೆ ಅಕ್ಷರದ ಮೇಲೆ ಕಾಣುತ್ತದೆ. ತಡವರಿಸುವ ಮಗುವಿಗೆ ಅಷ್ಟು ಸಾಕು, ಓದು ನಿಂತೇಬಿಡುತ್ತದೆ.

3. ಪಾದ ನೆಲ ಮುಟ್ಟಲಿ, ಮೊಣಕೈ ಮೇಜಿಗೆ ಸಮನಾಗಿರಲಿ. ಕಾಲು ಜೋತಾಡುವ ಮಗು ಅಕ್ಷರದ ಮೇಲೆ ಬೆರಳು ನಿಲ್ಲಿಸಲಾರದು.

4. ನೀವೂ ತಗ್ಗಿನ ಸ್ಟೂಲಿನ ಮೇಲೆ ಕೂತುಕೊಳ್ಳಿ. ‘ರಾಮದುರ್ಗ’ದಲ್ಲಿ ‘ರ್’ ಉಚ್ಚಾರದಲ್ಲಿ ‘ಗ’ಕ್ಕಿಂತ ಮೊದಲು, ಬರಹದಲ್ಲಿ ‘ಗ’ದ ನಂತರ. ಮಗುವಿನ ಬೆರಳು ಎಲ್ಲಿ ತಡೆಯಿತು ಎಂಬುದು ಪಕ್ಕದಲ್ಲಿ ಕೂತವರಿಗಷ್ಟೇ ತಿಳಿಯುತ್ತದೆ.

5. ಹಲಗೆ ಕೈಗೆಟುಕಲಿ. ಗೋಡೆಯ ಕೆಳಭಾಗಕ್ಕೆ ಕರಿ ಬಣ್ಣ ಬಳಿಸಿ. ಓದಿದ ಪದವನ್ನು ಮಗು ಕೂಡಲೇ ಬರೆಯಲಿ. ಕಾರ್ಡ್‌ಗಳ ಟ್ರೇ ಮೇಜಿನ ಪಕ್ಕದಲ್ಲೇ ಇರಲಿ. ಹುಡುಕುವುದರಲ್ಲೇ ಹೊತ್ತು ಹೋಗಬಾರದು.

6. ಮೇಜಿಗಾಗಿ ಅನುದಾನಕ್ಕೆ ಕಾಯಬೇಡಿ. ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಸಮಿತಿಯಲ್ಲಿ) ಠರಾವು ಮಾಡಿಸಿ, ಮೂಲೆ ಸೇರಿದ ಬೆಂಚಿನ ಕಾಲನ್ನು ಊರ ಬಡಿಗೇರರಿಂದ ಕೊಯ್ಯಿಸಿ. ಅದೂ ಆಗದಿದ್ದರೆ ಜಮಖಾನೆ ಹಾಸಿ, ಪ್ರತಿ ಮಗುವಿನ ಮುಂದೊಂದು ಮಣೆ ಇಡಿ.

7. ‘ದಡ್ಡರ ಮೇಜು’ ಎಂಬ ಹೆಸರು ಬರಗೊಡಬೇಡಿ. ಚೆನ್ನಾಗಿ ಓದುವವರನ್ನೂ ಸರದಿಯ ಮೇಲೆ ಅಲ್ಲಿ ಕೂಡಿಸಿ.

ಮೇಜು ಓದು ಕಲಿಸುವುದಿಲ್ಲ, ಕಲಿಸುವುದು ನೀವೇ. ಆದರೆ ನಿಮ್ಮ ಮತ್ತು ಆ ಮಗುವಿನ ನಡುವಿನ ದೂರವನ್ನು ಒಂದು ಮೊಳಕ್ಕೆ ಇಳಿಸುವುದು ಅದೇ ಮೇಜು. ನಾಳೆ ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ, ಕೊನೆಯ ಬೆಂಚಿನ ಮಗುವನ್ನು ಹೆಸರು ಹಿಡಿದು ಹತ್ತಿರ ಕರೆಯಿರಿ.