ಅಶ್ಮರೀ ಚಿಕಿತ್ಸೆ ಮತ್ತು ಅಂಕಿಗಳ ಸಾಕ್ಷ್ಯ

ಮೂತ್ರಾಶಯದಲ್ಲಿ ಬೆಳೆಯುವ ಕಲ್ಲಿಗೆ ನಮ್ಮ ಪ್ರಾಚೀನ ವೈದ್ಯಗ್ರಂಥಗಳು ‘ಅಶ್ಮರಿ’ ಎಂದು ಹೆಸರಿಟ್ಟಿವೆ. ಇದರ ಶಸ್ತ್ರಚಿಕಿತ್ಸೆಯನ್ನು ವಿವರಿಸುವಾಗ ಸುಶ್ರುತಸಂಹಿತೆಯು ವೈದ್ಯನಿಗೆ ಒಂದು ಎಚ್ಚರಿಕೆಯನ್ನು ಕೊಡುತ್ತದೆ. ಶಸ್ತ್ರವನ್ನು ಪ್ರಯೋಗಿಸದಿದ್ದರೆ ರೋಗಿಗೆ ಮರಣ ನಿಶ್ಚಿತ, ಪ್ರಯೋಗಿಸಿದರೂ ಫಲ ಸಂದಿಗ್ಧ. ಆದಕಾರಣ ಒಡೆಯನ ಅನುಮತಿಯನ್ನು ಪಡೆದೇ ಮುಂದುವರಿಯತಕ್ಕದ್ದೆಂಬುದು ಅದರ ತಾತ್ಪರ್ಯ. ಈ ಸಂದೇಹವನ್ನು ಒಪ್ಪಿಕೊಂಡದ್ದೇ ದೊಡ್ಡ ಮಾತು. ಆದರೆ ಸಂದೇಹದ ಪ್ರಮಾಣವೆಷ್ಟು? ನೂರು ಮಂದಿಯಲ್ಲಿ ಎಷ್ಟು ಜನ ಉಳಿದಾರು? ಇದಕ್ಕೆ ಅಂಕಿಗಳಲ್ಲಿ ಉತ್ತರ ಹೇಳುವ ಒಂದು ಗಣ್ಯ ಪ್ರಯತ್ನವು ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ ನಗರದಲ್ಲಿ ನಡೆಯಿತು.

ಅಂದಿನ ಯೂರೋಪಿನಲ್ಲಿ ದೇಹವನ್ನು ಕೊಯ್ದೇ ಕಲ್ಲನ್ನು ಹೊರತೆಗೆಯುತ್ತಿದ್ದರು. ಈಥರಿನ ಅರಿವಳಿಕೆ ಲೋಕಕ್ಕೆ ಪ್ರಕಟವಾದದ್ದು 1846ರಲ್ಲಿ. ಅದಕ್ಕೆ ಮುಂಚೆ ರೋಗಿಯನ್ನು ನಾಲ್ಕಾರು ಜನ ಅದುಮಿ ಹಿಡಿಯಬೇಕಾಗಿತ್ತು. ಕೈಚಳಕದ ವೇಗವೇ ಶಸ್ತ್ರವೈದ್ಯನ ಕೀರ್ತಿ. 1824ರಲ್ಲಿ ಝಾನ್ ಸಿವಿಯಾಲ್ ಎಂಬ ಫ್ರೆಂಚ್ ವೈದ್ಯರು ಮೂತ್ರಮಾರ್ಗದಿಂದಲೇ ಮೂರು ಕವಲುಗಳ ಉಪಕರಣವನ್ನು ಒಳಗಿಳಿಸಿ, ಕಲ್ಲನ್ನು ಹಿಡಿದು, ಕೊರೆದು ಪುಡಿಮಾಡಿದರು. ಕೊಯ್ಯುವ ಪ್ರಮೇಯವೇ ಇಲ್ಲದಾಯಿತು.

ಹೊಸ ಕ್ರಮವೇ ಮೇಲೆಂದು ಹೇಳಲು ಸಿವಿಯಾಲರು ವಾಕ್ಚಾತುರ್ಯವನ್ನು ಮಾತ್ರ ನೆಚ್ಚಲಿಲ್ಲ. ಯೂರೋಪಿನ ನಾನಾ ಕಡೆಗಳ ಸಾವಿರಾರು ಚಿಕಿತ್ಸೆಗಳ ಲೆಕ್ಕವನ್ನು ಕಲೆಹಾಕಿದರು. ಕೊಯ್ದ ಐವರಲ್ಲಿ ಸುಮಾರು ಒಬ್ಬರು ಸತ್ತಿದ್ದರು. ಹೊಸ ಕ್ರಮದಲ್ಲಿ ಸತ್ತವರು ನೂರಕ್ಕೆ ಎರಡು ಮೂರು ಮಂದಿ. 1835ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಸಮಿತಿಯೊಂದು ಇದನ್ನು ಪರಿಶೀಲಿಸಿತು. ಗಣಿತಜ್ಞ ಪ್ವಾಸೋನ್, ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಲಾರ್ರೆ ಅದರ ಸದಸ್ಯರು. ಲೆಕ್ಕಕ್ಕೆ ಸಿಕ್ಕಿದ ಮನುಷ್ಯನು ಒಬ್ಬ ವ್ಯಕ್ತಿಯಾಗಿ ಉಳಿಯದೆ ಕೇವಲ ಭಿನ್ನರಾಶಿಯಾಗುತ್ತಾನಲ್ಲ ಎಂಬ ಆತಂಕವನ್ನು ಸಮಿತಿ ವ್ಯಕ್ತಪಡಿಸಿತು. ಹಾಸಿಗೆಯ ಪಕ್ಕದಲ್ಲಿ ನಿಲ್ಲುವ ವೈದ್ಯನಿಗೆ ಈ ಆತಂಕ ಇಂದಿಗೂ ತಪ್ಪಿದ್ದಲ್ಲ.

ವಿದ್ಯಾರ್ಥಿಗಳು ಇಲ್ಲಿ ಇನ್ನೊಂದು ತೊಡಕನ್ನು ಗಮನಿಸಬೇಕು. ತೀರ ದೊಡ್ಡ ಕಲ್ಲುಗಳು ಹೊಸ ಉಪಕರಣಕ್ಕೆ ಒಗ್ಗುತ್ತಿರಲಿಲ್ಲ. ಅಂಥ ರೋಗಿಗಳು ಕತ್ತಿಯ ಪಾಲಿಗೇ ಹೋಗುತ್ತಿದ್ದರು. ಹಾಗಿದ್ದಮೇಲೆ ಎರಡು ಗುಂಪುಗಳು ಸಮಾನವೆಂದು ಹೇಳುವುದೆಂತು? ಗೆದ್ದದ್ದು ಉಪಕರಣವೋ, ರೋಗಿಗಳ ಆಯ್ಕೆಯೋ? ಎರಡೂ ಇರಬಹುದು, ಬೇರ್ಪಡಿಸಲು ಆ ಲೆಕ್ಕಕ್ಕೆ ಶಕ್ತಿಯಿರಲಿಲ್ಲ. ಯಾರಿಗೆ ಯಾವ ಚಿಕಿತ್ಸೆಯೆಂಬುದನ್ನು ವೈದ್ಯನ ಇಚ್ಛೆಗೆ ಬಿಡದೆ, ಚೀಟಿಯೆತ್ತಿದಂತೆ ಗೊತ್ತುಮಾಡುವುದೇ ಇದಕ್ಕೆ ಪರಿಹಾರ. ಬ್ರಿಟನ್ನಿನಲ್ಲಿ ಬ್ರಾಡ್‌ಫರ್ಡ್ ಹಿಲ್ ಅವರು ರೂಪಿಸಿ, 1948ರಲ್ಲಿ ಪ್ರಕಟವಾದ ಕ್ಷಯರೋಗದ ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯಿಂದ ಈ ಕ್ರಮಕ್ಕೆ ಮನ್ನಣೆ ದೊರೆಯಿತು.

ಕಲ್ಲಿನ ವಿಷಯದಲ್ಲೇ ಇದರ ಫಲವನ್ನು ಕಾಣಬಹುದು. ಮೂತ್ರಪಿಂಡದಿಂದ ಜಾರಿ ಮೂತ್ರನಾಳದಲ್ಲಿ ಸಿಲುಕಿದ ಕಲ್ಲು ಬೇಗನೆ ಹೊರಬೀಳಲೆಂದು ಟ್ಯಾಮ್ಸುಲೋಸಿನ್ ಎಂಬ ಔಷಧವನ್ನು ವೈದ್ಯರು ಧಾರಾಳವಾಗಿ ಕೊಡುತ್ತಿದ್ದರು. ಸಣ್ಣಪುಟ್ಟ ಅಧ್ಯಯನಗಳು ಅದನ್ನು ಬೆಂಬಲಿಸಿದ್ದವು. ಬ್ರಿಟನ್ನಿನ 24 ಆಸ್ಪತ್ರೆಗಳಲ್ಲಿ ಸಾವಿರಕ್ಕೂ ಮಿಕ್ಕಿದ ರೋಗಿಗಳನ್ನು ಚೀಟಿಯ ಕ್ರಮದಲ್ಲಿ ಹಂಚಿ ನಡೆಸಿದ ಪರೀಕ್ಷೆಯ ಫಲಿತಾಂಶ 2015ರಲ್ಲಿ ಹೊರಬಂದಿತು. ನಾಲ್ಕು ವಾರಗಳಲ್ಲಿ ಬೇರೆ ಚಿಕಿತ್ಸೆ ಬೇಕಾಗದೆ ಉಳಿದವರು ಔಷಧ ಪಡೆದವರಲ್ಲಿ ಶೇಕಡ 81, ಔಷಧವಿಲ್ಲದ ಹುಸಿಗುಳಿಗೆ ಪಡೆದವರಲ್ಲಿ ಶೇಕಡ 80! ಕಲ್ಲು ತನ್ನಷ್ಟಕ್ಕೆ ತಾನೇ ಬಿದ್ದುಹೋಗುತ್ತಿತ್ತು, ಕೀರ್ತಿ ಗುಳಿಗೆಗೆ ಸಲ್ಲುತ್ತಿತ್ತು. ಮೂತ್ರನಾಳದ ಕೆಳಭಾಗದಲ್ಲಿರುವ, 5 ಮಿಲಿಮೀಟರಿಗಿಂತ ದೊಡ್ಡ ಕಲ್ಲುಗಳಿಗೆ ಅದರಿಂದ ಪ್ರಯೋಜನವುಂಟೆಂದು ತೋರಿಸಿದ ಪರೀಕ್ಷೆಗಳೂ ಬಂದಿರುವುದರಿಂದ, ಆ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ.