ತಂಗಡಿ ಹೂವಿನ ಗುರುತು

ಶೇಡಬಾಳದ ಸುತ್ತ ನೀರು ಹರಿಯುವ ಹೊಲದಲ್ಲಿ ಕಬ್ಬು. ನೀರು ಹತ್ತದ ಒಡ್ಡಿನ ಮೇಲೆ, ರಸ್ತೆಯ ಬದಿಗೆ ಒಂದು ಗಿಡ ಇದೆ. ಅದಕ್ಕೆ ಯಾರೂ ನೀರು ಹಾಕುವುದಿಲ್ಲ. ಆದರೂ ಬೇಸಿಗೆಯಲ್ಲಿ ಹಸಿರಾಗಿಯೇ ಇರುತ್ತದೆ. ಮೈತುಂಬ ಹಳದಿ ಹೂ ಬಿಡುತ್ತದೆ. ಯಾವ ಗಿಡ, ಹೇಳಿ ನೋಡೋಣ?

ಹೌದು, ತಂಗಡಿ. ಕೆಲವರು ಆವರಿಕೆ ಅನ್ನುತ್ತಾರೆ. ಮರಾಠಿಯವರು ತರವಡ ಅನ್ನುತ್ತಾರೆ. ಇದು ನಮ್ಮ ನಾಡಿನದೇ ಗಿಡ. ಒಂದು ಮಳೆಗಾಲಕ್ಕೆ ಹುಟ್ಟಿ ಸಾಯುವುದಲ್ಲ. ಕಡಿದರೂ ಬುಡದಿಂದ ಮತ್ತೆ ಚಿಗುರುತ್ತದೆ. ಹಿಂದೆ ಇದರ ತೊಗಟೆಯಿಂದ ತೊಗಲು ಹದ ಮಾಡುತ್ತಿದ್ದರು. ತೆಲಂಗಾಣದ ಹೆಂಗಸರು ಬತುಕಮ್ಮ ಹಬ್ಬದಲ್ಲಿ ಈ ಹೂವನ್ನು ಸುತ್ತಲೂ ಜೋಡಿಸಿ ಪೂಜೆ ಮಾಡುತ್ತಾರೆ.

ಒಂದು ದಿನ ನಮ್ಮ ಕಲಿಕೆಯ ಕೇಂದ್ರಕ್ಕೆ ಒಬ್ಬ ತಾಯಿ ಉಡಿತುಂಬ ಹಳದಿ ಹೂವಿನ ಟೊಂಗೆ ತಂದಳು. ಪೂಜೆಗೆ ಬೇಕಿತ್ತಂತೆ. ನೋಡಿದರೆ ಅದರಲ್ಲಿ ಎರಡು ಜಾತಿ ಬೆರೆತಿದ್ದವು. ಅವಳ ಮಗು ಒಂದು ಕಾಯಿ ಹಿಡಿದು ಆಡುತ್ತಿತ್ತು.

"ಅಕ್ಕಾರ, ಎರಡೂ ಒಂದ ಅಲ್ರೀ?" ಅಂದಳು.

ಒಂದಲ್ಲ. ನಾವು ಮೊದಲು ಮಗುವಿನ ಕೈಯಿಂದ ಆ ಕಾಯಿ ತೆಗೆದುಕೊಂಡೆವು. ಅದು ಕಾಸವಿಂದದ ಕಾಯಿ. ದೊಡ್ಡ ತಗಚೆ ಅಂತಲೂ ಕರೆಯುತ್ತಾರೆ. ಆಮೇಲೆ ಎರಡೂ ಟೊಂಗೆ ಚಾಪೆಯ ಮೇಲೆ ಇಟ್ಟು ನೋಡಿದೆವು.

ಹೂವಿನ ಬಣ್ಣ ನೋಡಬೇಡಿ, ಮೋಸವಾಗುತ್ತದೆ. ಎಲೆಯ ಬುಡ ನೋಡಿ. ತಂಗಡಿಯ ದೇಟು ಟೊಂಗೆಗೆ ಕೂಡುವಲ್ಲಿ ಕಿವಿಯ ಆಕಾರದ ಅಗಲವಾದ ಎಲೆ ಇರುತ್ತದೆ. ಓಲೆ ಇಡಬಹುದು, ಹಾಗೆ! ಕಾಸವಿಂದಕ್ಕೆ ಈ ಕಿವಿ ಇಲ್ಲ. ಆಮೇಲೆ ಎಣಿಸಿ. ತಂಗಡಿಯ ಒಂದು ದೇಟಿನಲ್ಲಿ 8ರಿಂದ 12 ಜೋಡಿ ಸಣ್ಣೆಲೆ. ತುದಿ ದುಂಡಗೆ. ಕಾಸವಿಂದಕ್ಕೆ 3ರಿಂದ 5 ಜೋಡಿ. ತುದಿ ಚೂಪು. ಹಿಸುಕಿದರೆ ಕೆಟ್ಟ ನಾತ. ತಂಗಡಿಯ ಕಾಯಿ ಕಾಗದದ ಹಾಗೆ ತೆಳ್ಳಗೆ, ಚಪ್ಪಟೆ. ಕಾಸವಿಂದದ ಕಾಯಿ ಕಿರಿದು, ಉದ್ದ.

ಇಷ್ಟು ಯಾಕೆ ಹೇಳುತ್ತೇವೆ? ಉತ್ತರ ಪ್ರದೇಶದ ಪಶ್ಚಿಮ ಭಾಗದಲ್ಲಿ, ಬಿಜನೌರ ಕಡೆ, ವರ್ಷ ವರ್ಷವೂ ಸಣ್ಣ ಮಕ್ಕಳು ತಟ್ಟನೆ ಕಾಯಿಲೆ ಬಿದ್ದು ಸಾಯುತ್ತಿದ್ದರು. ವಾಂತಿ ಆಗುತ್ತಿತ್ತು, ಆಮೇಲೆ ಎಚ್ಚರ ತಪ್ಪುತ್ತಿತ್ತು. ಮೆದುಳು ಜ್ವರ ಅಂತ ಎಲ್ಲರೂ ತಿಳಿದಿದ್ದರು. ವೈದ್ಯರು ಮನೆ ಮನೆಗೆ ಹೋಗಿ ವಿಚಾರಿಸಿದರು. ಮಕ್ಕಳು ಆಟವಾಡುತ್ತ ಕಾಸವಿಂದದ ಬೀಜ ತಿಂದಿದ್ದರು. ಅದರ ವಿಷ ಮೆದುಳು, ಯಕೃತ್ತು, ಸ್ನಾಯು ಮೂರನ್ನೂ ಕೆಡಿಸುತ್ತದೆ. ಈ ಸಂಗತಿ 2007ರಲ್ಲಿ ಅಚ್ಚಾಯಿತು.

ಮಗು ಈ ಬೀಜ ತಿಂದರೆ ಮನೆಮದ್ದು ಮಾಡುತ್ತ ಕೂಡಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ಗಿಡದ ಒಂದು ಟೊಂಗೆ, ಕಾಯಿ ಸಮೇತ, ಕೈಯಲ್ಲಿ ಒಯ್ಯಿರಿ. ತಿಂದದ್ದು ಏನು ಅಂತ ಡಾಕ್ಟರಿಗೆ ಬೇಗ ತಿಳಿಯುತ್ತದೆ.

ಆ ತಾಯಿ ಮರುದಿನ ಮನೆಯ ಹಿಂದಿನ ತಿಪ್ಪೆಯ ಬದಿಗೆ ಹುಡುಕಿದಳು. ಕಿವಿ ಇಲ್ಲದ ನಾಲ್ಕು ಗಿಡ ಸಿಕ್ಕವು. ಕಾಯಿ ಬಲಿಯುವ ಮೊದಲೇ ಬೇರು ಸಮೇತ ಕಿತ್ತಳು. ಒಡ್ಡಿನ ತಂಗಡಿಯನ್ನು ಹಾಗೇ ಬಿಟ್ಟಳು.