ಎಲೆ ಹಾಕಿ ಆಗಿದೆ, ಬನ್ನಿ

ಓದಬೇಕಾದ ಭಾಗ: ಲೂಕನ ಶುಭಸಂದೇಶ, 14ನೇ ಅಧ್ಯಾಯ, 15ರಿಂದ 24ನೇ ವಚನ



ಚಿಕ್ಕನಾಯಕನಹಳ್ಳಿ ಹತ್ತಿರದ ಒಂದು ಊರಿನಲ್ಲಿ ಸಂಘದ ಸಭೆ. ಸಂಜೆ ಏಳು ಗಂಟೆಗೆ ಅಂತ ವಾರದ ಮುಂಚೆಯೇ ಎಲ್ಲರಿಗೂ ಹೇಳಿ, ಎಲ್ಲರೂ ಒಪ್ಪಿದ್ದರು. ಏಳೂವರೆಯಾದರೂ ಹದಿನಾರು ಜನರಲ್ಲಿ ಬಂದವರು ಆರು ಮಂದಿ. ಪ್ರತಿನಿಧಿ ಎದ್ದು ಮನೆಮನೆಗೆ ಹೋಗಿ ಕರೆದು ಬಂದಳು. ಒಬ್ಬರ ಮನೆಯಲ್ಲಿ ಅಟ್ಟದಿಂದ ಕಾಯಿ ಇಳಿಸಿದ್ದಾರೆ, ಬೆಳಗಾದರೆ ಕೊಬ್ಬರಿ ಒಡೆಯೋರು ಬರ್ತಾರೆ. ಇನ್ನೊಬ್ಬರ ಹಸು ಕರು ಹಾಕೋ ಹಾಗಿದೆ. ಮತ್ತೊಬ್ಬರ ಮನೆಗೆ ಬೀಗರು ಬಂದಿದ್ದಾರೆ. "ಮುಂದಿನ ವಾರ ಖಂಡಿತ ಬತ್ತೀನಿ ಅಂತ ಸಿಸ್ಟರ್‌ಗೆ ಹೇಳ್ಬಿಡವ್ವ." ಎಲ್ಲರದೂ ಇದೇ ಮಾತು. ಯಾರೂ ಸುಳ್ಳು ಹೇಳಿರಲಿಲ್ಲ. ಯಾರಿಗೂ ಸಂಘದ ಮೇಲೆ ಸಿಟ್ಟೂ ಇರಲಿಲ್ಲ.

ಹಾಗೆ ಕಾಯುತ್ತಾ ಕೂತಿದ್ದಾಗ ವಯಸ್ಸಾದ ಸದಸ್ಯೆಯೊಬ್ಬರು, ಅವರು ಕ್ರೈಸ್ತರಲ್ಲ, ನನ್ನನ್ನು ಕೇಳಿದರು. "ಅಲ್ಲ ಸಿಸ್ಟ್ರಮ್ಮ, ಇಷ್ಟು ವರ್ಷದಿಂದ ಬತ್ತಾ ಇದೀರ. ಉಳಿತಾಯ ಹೇಳಿಕೊಟ್ರಿ, ಬ್ಯಾಂಕಿಗೆ ಕರ್ಕೊಂಡೋದ್ರಿ, ಸಹಿ ಮಾಡೋದು ಕಲಿಸಿದ್ರಿ. ನಿಮ್ಮ ದೇವ್ರು ಏನು ಹೇಳ್ತಾನೆ ಅಂತ ಒಂದಿನಾನೂ ಹೇಳ್ಲಿಲ್ಲವಲ್ಲ?"

ನನಗೆ ಮಾತು ಹೊರಡಲಿಲ್ಲ. ಸಂಘದ ಸಭೆಯಲ್ಲಿ ಧರ್ಮದ ಮಾತು ಎತ್ತಬಾರದು ಅನ್ನುವುದು ನಾನೇ ಹಾಕಿಕೊಂಡ ಕಟ್ಟು. ಪಾಸ್‌ಬುಕ್ಕಿಗೆ ಜಾತಿ ಧರ್ಮ ಇಲ್ಲ, ಇರಲೂ ಬಾರದು. ಅದು ಸರಿ ಅಂತಲೇ ಇವತ್ತಿಗೂ ನನ್ನ ಅಭಿಪ್ರಾಯ. ಆದರೆ ಆ ರಾತ್ರಿ ನನಗೆ ಕಂಡದ್ದು ಬೇರೆ. ನಾನು ಸುಮ್ಮನಿದ್ದದ್ದು ಆ ಕಟ್ಟಿನಿಂದ ಮಾತ್ರ ಅಲ್ಲ, ಹೇಳುವುದಕ್ಕೆ ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಬೆಳಗಿನ ಪ್ರಾರ್ಥನೆಗೆ ಕೂತರೆ ಕಣ್ಣ ಮುಂದೆ ಲೆಕ್ಕಪತ್ರ. ಬಲಿಪೂಜೆಯ ನಡುವೆ ಯಾವ ಸಂಘದ ಸಾಲದ ಅರ್ಜಿ ಎಲ್ಲಿ ನಿಂತಿದೆ ಅನ್ನುವ ಯೋಚನೆ. ದೇವರ ಮೇಲೆ ನನಗೆ ಕೋಪವಿರಲಿಲ್ಲ, ಅನುಮಾನವೂ ಇರಲಿಲ್ಲ. ಪುರುಸೊತ್ತು ಇರಲಿಲ್ಲ, ಅಷ್ಟೇ. ಊರೆಲ್ಲ ತಿರುಗಿ ಮಂದಿಯನ್ನು ಸಭೆಗೆ ಕರೆಯುವವಳಿಗೆ ತನಗೆ ಬಂದ ಕರೆ ಕಿವಿಗೆ ಬಿದ್ದಿರಲಿಲ್ಲ.

ಆವತ್ತು ಅವರಿಗೆ ಹೇಳಿದ್ದು ಯೇಸುಸ್ವಾಮಿ ಹೇಳಿದ ಔತಣದ ಸಾಮತಿ. ಅದನ್ನೇ ಈ ತಿಂಗಳ ಪಾಠವಾಗಿ ಬರೆಯುತ್ತಿದ್ದೇನೆ.

ಒಂದು ಸಬ್ಬತ್ ದಿನ ಫರಿಸಾಯರ ಮುಖಂಡನೊಬ್ಬನ ಮನೆಯಲ್ಲಿ ಊಟ. ಪಂಕ್ತಿಯಲ್ಲಿದ್ದ ಒಬ್ಬ, ದೇವರ ಸಾಮ್ರಾಜ್ಯದಲ್ಲಿ ಊಟ ಮಾಡುವವನೇ ಧನ್ಯ ಅನ್ನುವ ಅರ್ಥದ ಮಾತು ಆಡಿದ. ಒಳ್ಳೆಯ ಮಾತೇ. ಎಲ್ಲರೂ ತಲೆ ಆಡಿಸಿರಬೇಕು. ಯೇಸುಸ್ವಾಮಿ ಮಾತ್ರ ಅದಕ್ಕೆ ಒಂದು ಕಥೆ ಹೇಳಿದರು. ಒಬ್ಬ ಯಜಮಾನ ದೊಡ್ಡ ಔತಣ ಏರ್ಪಡಿಸಿ ಬಹಳ ಜನರನ್ನು ಕರೆದಿದ್ದ. ಅಡಿಗೆ ಆದ ಮೇಲೆ, ಎಲ್ಲ ಸಿದ್ಧವಾಗಿದೆ ಬನ್ನಿ ಅಂತ ಆಳನ್ನು ಕಳುಹಿಸಿದ. ಆಗ ಒಬ್ಬ ಹೊಲ ಕೊಂಡಿದ್ದೇನೆ, ಹೋಗಿ ನೋಡಬೇಕು ಅಂದ. ಇನ್ನೊಬ್ಬ ಐದು ಜೊತೆ ಎತ್ತು ಕೊಂಡಿದ್ದೇನೆ, ಹೂಡಿ ನೋಡಬೇಕು ಅಂದ. ಮೂರನೆಯವನು ಮದುವೆಯಾಗಿದ್ದೇನೆ, ಬರಲಾರೆ ಅಂದ. ಯಜಮಾನನಿಗೆ ಸಿಟ್ಟು ಬಂತು. ಬೀದಿಗೆ, ಓಣಿಗೆ ಹೋಗಿ ಬಡವರನ್ನು, ಕುಂಟರನ್ನು, ಕುರುಡರನ್ನು ಕರೆದು ತಾ ಅಂದ. ಇನ್ನೂ ಜಾಗ ಉಳಿದಾಗ ಊರಾಚೆಯ ದಾರಿ ಬೇಲಿಗಳ ಕಡೆಗೂ ಕಳುಹಿಸಿದ.

ಇಲ್ಲಿ ಎರಡು ಸಲ ಕರೆದದ್ದನ್ನು ಗಮನಿಸಿ. ಅದು ನಮಗೆ ಹೊಸದೇನಲ್ಲ. ನಮ್ಮ ಹಳ್ಳಿಗಳಲ್ಲೂ ಅರಿಶಿನ ಕುಂಕುಮ ಕೊಟ್ಟು "ಮನೆಮಂದಿಯೆಲ್ಲ ಬರಬೇಕು" ಅಂತ ಮೊದಲು ಕರೆದು ಹೋಗ್ತಾರೆ. ಊಟದ ದಿನ ಅಡಿಗೆ ಇಳಿಸಿದ ಮೇಲೆ ಹುಡುಗನೊಬ್ಬ ಮನೆಮನೆ ಮುಂದೆ ನಿಂತು "ಊಟಕ್ಕೆ ಬರಬೇಕಂತೆ" ಅಂತ ಕೂಗ್ತಾನೆ. ಮೊದಲನೇ ಕರೆಗೆ "ಆಗಲಿ" ಅಂದ ಮೇಲೆ ಎರಡನೇ ಕರೆಗೆ ಬಾಗಿಲು ಹಾಕಿಕೊಳ್ಳುವುದು ಎಂಥ ಅವಮಾನ! ಅನ್ನ ಬೆಂದಿದೆ, ಎಲೆ ಹಾಕಿ ಆಗಿದೆ.

ಈ ಮೂವರ ನೆಪ ಕೇಳಿ ನಮ್ಮ ಹಿರಿಯ ಸದಸ್ಯೆ ನಕ್ಕುಬಿಟ್ಟರು. "ನೋಡದೆ ಹೊಲ ಯಾರು ತಗೊಂತಾರೆ ಸಿಸ್ಟ್ರಮ್ಮ? ಹಲ್ಲು ನೋಡದೆ, ಓಡಿಸಿ ನೋಡದೆ ಎತ್ತಿಗೆ ದುಡ್ಡು ಯಾರು ಕೊಡ್ತಾರೆ?" ಸಿದ್ಧಗಂಗೆ ಜಾತ್ರೆಗೆ ಹೋಗಿ ಹಳ್ಳಿಕಾರ್ ಎತ್ತು ತಂದ ಮನೆಯವರು ಅವರು, ವ್ಯವಹಾರ ಗೊತ್ತು. ಐದು ಜೊತೆ ಅಂದರೆ ಹತ್ತು ಎತ್ತು, ಅವನೇನು ಸಣ್ಣ ಕುಳವಲ್ಲ. ಒಂದು ಸಂಜೆ ಬಿಟ್ಟರೆ ಅವನ ಬೇಸಾಯ ಮುಳುಗುತ್ತಿರಲಿಲ್ಲ. ಮೂರನೆಯವನ ಬಗ್ಗೆ ಅವರು ಕೇಳಿದ್ದನ್ನು ನಾನು ಯಾವ ವ್ಯಾಖ್ಯಾನದಲ್ಲೂ ಓದಿರಲಿಲ್ಲ. "ಹೆಂಡ್ತೀನೂ ಕರ್ಕೊಂಡು ಹೋಗಬಹುದಿತ್ತಲ್ಲ? ಅವಳನ್ನು ಒಂದು ಮಾತು ಕೇಳಿದ್ನಾ?"

ಇನ್ನೊಂದು ವಿಷಯ. ಹಳೆಯ ಒಡಂಬಡಿಕೆಯ ಧರ್ಮೋಪದೇಶ ಕಾಂಡದ 20ನೇ ಅಧ್ಯಾಯದಲ್ಲಿ ಯುದ್ಧಕ್ಕೆ ಹೋಗುವವರಿಗೆ ಕೆಲವು ವಿನಾಯಿತಿಗಳಿವೆ. ಹೊಸ ಮನೆ ಕಟ್ಟಿದವನು, ಹೊಸ ದ್ರಾಕ್ಷಿತೋಟ ಹಾಕಿದವನು, ಮದುವೆ ನಿಶ್ಚಯವಾದವನು ಮನೆಗೆ ಹಿಂದಿರುಗಬಹುದು. ಅಂದರೆ ಹೊಲ, ಮದುವೆ ಅನ್ನುವುದು ಸಾವಿನ ಬಾಯಿಂದ ತಪ್ಪಿಸಿಕೊಳ್ಳಲು ಇದ್ದ ನ್ಯಾಯವಾದ ಕಾರಣಗಳು. ಅದೇ ಥರದ ಕಾರಣವನ್ನು ಇವರು ಊಟದಿಂದ ತಪ್ಪಿಸಿಕೊಳ್ಳಲು ಹೇಳಿದರು. ದೇವರು ಜೀವ ಕೊಡಲು ಕರೆದರೆ, ಯುದ್ಧಕ್ಕೆ ಕರೆದ ಹಾಗೆ ನಾವೂ ಹಿಂಜರಿಯುತ್ತೇವೆ.

ಅಸಡ್ಡೆ ಅಂದರೆ ಇದೇ. ಮೂವರಲ್ಲಿ ಯಾರೂ ಕುಡುಕರಲ್ಲ, ಕಳ್ಳರಲ್ಲ. ಹೊಲ, ಎತ್ತು, ಸಂಸಾರ ಎಲ್ಲವೂ ದೇವರೇ ಕೊಟ್ಟ ಒಳ್ಳೆಯವು. ಕೆಟ್ಟದ್ದು ನಮ್ಮನ್ನು ದೇವರಿಂದ ದೂರ ಮಾಡಿದರೆ ಒಂದು ದಿನ ಎದೆಗೆ ಚುಚ್ಚುತ್ತದೆ, ಪಾಪನಿವೇದನೆಗೆ ಓಡುತ್ತೇವೆ. ಒಳ್ಳೆಯದು ದೂರ ಮಾಡಿದರೆ ಏನೂ ಚುಚ್ಚುವುದಿಲ್ಲ. ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಕಾಯಿ ಇಡುತ್ತೀರಲ್ಲ, ಸಣ್ಣ ಬಿರುಕು ಬಿಟ್ಟ ಕಾಯಿ ಹೊರಗೆ ನೆಟ್ಟಗೇ ಇರುತ್ತದೆ. ಒಡೆದಾಗಲೇ ಒಳಗಿನದು ಗೊತ್ತಾಗುವುದು. 1992ರಲ್ಲಿ ಹೊರಬಂದ ಕಥೋಲಿಕ ಧರ್ಮೋಪದೇಶ ಗ್ರಂಥವು ದೇವರ ಪ್ರೀತಿಗೆ ವಿರುದ್ಧವಾದ ಪಾಪಗಳನ್ನು ಹೇಳುವಾಗ ದೇವದ್ವೇಷದ ಜೊತೆಗೇ ಅಸಡ್ಡೆಯನ್ನೂ ಕೃತಘ್ನತೆಯನ್ನೂ ಸೇರಿಸಿದೆ. ದ್ವೇಷವೂ ಅಸಡ್ಡೆಯೂ ಒಂದೇ ಸಾಲಿನಲ್ಲಿ!

ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರಿದ್ದೀರಿ. ಈ ಪಾಠ ಯಾರ ಕಡೆಗೂ ಬೆರಳು ತೋರಿಸುವುದಕ್ಕಲ್ಲ. ತಮ್ಮ ತಪ್ಪಿಲ್ಲದೆ ಕ್ರಿಸ್ತರನ್ನು ಅರಿಯದವರು ಪ್ರಾಮಾಣಿಕ ಮನಸ್ಸಿನಿಂದ ದೇವರನ್ನು ಹುಡುಕಿ, ಮನಸ್ಸಾಕ್ಷಿಯಂತೆ ನಡೆದರೆ ಅವರಿಗೂ ಜೀವೋದ್ಧಾರವುಂಟು ಅಂತ 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯೇ ಹೇಳಿದೆ. ಕಥೆಯಲ್ಲಿ ತಪ್ಪಿಸಿಕೊಂಡವರು ಯಾರು? ಮೊದಲೇ ಕರೆ ಸಿಕ್ಕವರು, "ಆಗಲಿ" ಅಂದವರು. ಅಂದರೆ ಜ್ಞಾನಸ್ನಾನ ಪಡೆದವರು, ಕತ್ತಿನಲ್ಲಿ ಶಿಲುಬೆ ಹಾಕಿಕೊಂಡವರು, ನನ್ನ ಹಾಗೆ ಸಿಸ್ಟರ್ ಅನ್ನಿಸಿಕೊಂಡವರು. ಈ ಏಟು ಮೊದಲು ಬೀಳುವುದು ನಮ್ಮ ಬೆನ್ನಿಗೆ.

ಸಂಘದ ಕೆಲಸ ಮಾಡುವ ನಮಗೆ ಇನ್ನೂ ಒಂದು ಅಪಾಯವಿದೆ. ಪ್ರಕಟನಾ ಗ್ರಂಥದ 3ನೇ ಅಧ್ಯಾಯದಲ್ಲಿ ಲವೊದಿಕೀಯ ಅನ್ನುವ ಊರಿನ ಸಭೆಗೆ ಬರೆದ ಪತ್ರವಿದೆ. ಆ ಊರು ಈಗಿನ ಟರ್ಕಿ ದೇಶದಲ್ಲಿತ್ತು. ಹಣದ ವ್ಯವಹಾರಕ್ಕೆ ಹೆಸರಾಗಿತ್ತು, ಕಪ್ಪು ಉಣ್ಣೆಗೂ ಹೆಸರಾಗಿತ್ತು. ಕ್ರಿ.ಶ. 60ರಲ್ಲಿ ಭೂಕಂಪವಾಗಿ ಊರು ಬಿದ್ದಾಗ ರೋಮ್ ಸರ್ಕಾರದ ಸಹಾಯವಿಲ್ಲದೆ ತಮ್ಮ ದುಡ್ಡಿನಿಂದಲೇ ಕಟ್ಟಿಕೊಂಡರು. ಸ್ವಸಹಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ತರಬೇತಿಯಲ್ಲಿ ಹೇಳಿದರೆ ನೀವೆಲ್ಲ ಚಪ್ಪಾಳೆ ತಟ್ಟುತ್ತೀರಿ. ಆದರೆ ಅದೇ ಊರಿನ ಭಕ್ತರಿಗೆ ಕ್ರಿಸ್ತರು, ನೀವು ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅಂತ ಬೇಸರದಿಂದ ಹೇಳಿಸಿದರು. ನಮಗೇನೂ ಕೊರತೆಯಿಲ್ಲ ಅನ್ನುವ ಮನಸ್ಸು ಅವರದಾಗಿತ್ತು. ನಮ್ಮ ಕಾಲ ಮೇಲೆ ನಾವು ನಿಲ್ಲಬೇಕು ಅಂತ ನಾನೇ ನಿಮಗೆ ಹೇಳಿದವಳು, ಆ ಮಾತನ್ನು ಹಿಂದಕ್ಕೆ ತಗೊಳ್ಳುವುದಿಲ್ಲ. ಸಾಲ ತೀರಿಸಬಹುದು, ಮನೆ ಕಟ್ಟಬಹುದು, ಗಂಡನ ಎದುರು ತಲೆ ಎತ್ತಿ ಮಾತಾಡಬಹುದು. ಆದರೆ ಜೀವೋದ್ಧಾರ ಕಂತು ಕಟ್ಟಿ ಪಡೆಯುವಂಥದ್ದಲ್ಲ. ಅದು ಔತಣ. ಅಡಿಗೆ ಇನ್ನೊಬ್ಬರದು, ಬಡಿಸುವವರು ಇನ್ನೊಬ್ಬರು. ನಾವು ಮಾಡಬೇಕಾದ್ದು ಎದ್ದು ಹೋಗಿ ಕೂರುವುದು. ಇನ್ನೊಬ್ಬರ ಕೈಯಿಂದ ತಗೊಳ್ಳುವುದು ಗಟ್ಟಿಗಿತ್ತಿಯರಿಗೆ ಬಹಳ ಕಷ್ಟ.

ಎಷ್ಟು ಕರೆದರೂ ಜನ ಬಾರದಿದ್ದರೆ ಕರೆದವರಿಗೆ ಏನನ್ನಿಸುತ್ತದೆ? ಇದಕ್ಕೆ ನಮ್ಮ ಮೈಸೂರು ಸೀಮೆಯಲ್ಲೇ ಒಂದು ನಿಜ ಸಂಗತಿ ಇದೆ. ಅಬ್ಬೆ ದುಬುವಾ ಅನ್ನುವ ಫ್ರೆಂಚ್ ಗುರುಗಳು 1792ರಲ್ಲಿ ಭಾರತಕ್ಕೆ ಬಂದರು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಕೂಡಿಸಲು ಶ್ರೀರಂಗಪಟ್ಟಣಕ್ಕೆ ಬಂದು ನೆಲೆಸಿದರು. ಇಲ್ಲಿಯವರ ಹಾಗೇ ಉಟ್ಟು, ಮಾಂಸ ಬಿಟ್ಟು ಬದುಕಿದರು. 1803-04ರ ಸುಮಾರಿನಲ್ಲಿ ಸಿಡುಬಿನ ಲಸಿಕೆ ಹಾಕುವ ಕೆಲಸಕ್ಕೆ ಕೈಹಚ್ಚಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದರು. ಹಾಸನದ ಕಡೆ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ನಮ್ಮ ಜನರ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ದೊಡ್ಡ ಪುಸ್ತಕವನ್ನು ಇತಿಹಾಸ ಓದುವವರು ಈಗಲೂ ನೋಡುತ್ತಾರೆ. ಇಷ್ಟೆಲ್ಲ ಮಾಡಿ 1823ರಲ್ಲಿ ಅವರು ಮನಸ್ಸು ಮುರಿದುಕೊಂಡು ಫ್ರಾನ್ಸಿಗೆ ಹೊರಟುಹೋದರು. ಅದೇ ವರ್ಷ ಅಚ್ಚಾದ ಅವರ ಪತ್ರಗಳಲ್ಲಿ, ಈ ನಾಡಿನಲ್ಲಿ ಶುಭಸಂದೇಶ ಬೇರೂರುವುದಿಲ್ಲ ಅಂತ ಖಡಾಖಂಡಿತವಾಗಿ ಬರೆದರು. ಅಷ್ಟು ವರ್ಷಗಳಲ್ಲಿ ತಮ್ಮ ಕೈಯಿಂದ ಕ್ರೈಸ್ತರಾದವರು ಇನ್ನೂರು ಮುನ್ನೂರು ಜನ ಮಾತ್ರ, ಅವರಲ್ಲೂ ಹೆಚ್ಚಿನವರು ಅಸ್ಪೃಶ್ಯರು, ಭಿಕ್ಷುಕರು, ಜಾತಿಯಿಂದ ಹೊರಬಿದ್ದವರು ಅಂತ ನೊಂದುಕೊಂಡರು.

ಅವರ ಶ್ರಮದ ಮುಂದೆ ನಾನೆಷ್ಟರವಳು. ಆದರೂ ಅದನ್ನು ಓದಿದಾಗ ನನಗೆ ಲೂಕನ 14ನೇ ಅಧ್ಯಾಯವೇ ನೆನಪಾಯಿತು. ಭಿಕ್ಷುಕರು, ಬೀದಿಯವರು, ಊರಾಚೆಯವರು. ಯಜಮಾನ ಆಳಿಗೆ ಕರೆತರಲು ಹೇಳಿದ್ದೇ ಅಂಥವರನ್ನಲ್ಲವೇ? ಔತಣ ನಡೆಯುತ್ತಲೇ ಇತ್ತು, ಆ ಗುರುಗಳು ಅದನ್ನು ಸೋಲು ಅಂತ ಲೆಕ್ಕಕ್ಕೆ ಬರೆದರು. ಊರಿನ ದೊಡ್ಡವರು ಬಂದು ಕೂತರೆ ಮಾತ್ರ ಪಂಕ್ತಿಗೆ ಕಳೆ ಅನ್ನುವುದು ನಮಗೂ ಇರುವ ಚಾಳಿ. (ಪಂಕ್ತಿಭೇದವನ್ನು ನಮ್ಮ ದೇವಾಲಯಗಳ ಒಳಕ್ಕೂ ತಂದುಕೊಂಡವರು ನಾವು, ಅದನ್ನು ಬರೆಯಲು ಇನ್ನೊಂದು ಪಾಠವೇ ಬೇಕು.) ಹಾಸನದ ಕಡೆ ಹೋದವರು ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ಶೆಟ್ಟಿಹಳ್ಳಿಯ ದೇವಾಲಯ ನೋಡಿರುತ್ತೀರಿ. ಅದನ್ನು ಫ್ರೆಂಚ್ ಗುರುಗಳು ಕಟ್ಟಿಸಿದ್ದು 1860ರ ದಶಕದಲ್ಲಿ. ಬೇರೂರುವುದಿಲ್ಲ ಅಂತ ಬರೆದು ಆಗ ನಲವತ್ತು ವರ್ಷ ಆಗಿಹೋಗಿತ್ತು.

ಕಥೆಯ ಕೊನೆಯ ಮಾತು ಮಾತ್ರ ಗಟ್ಟಿಯಾಗಿದೆ, ಅದನ್ನು ಮೆತ್ತಗೆ ಮಾಡಲು ನನಗೆ ಅಧಿಕಾರವಿಲ್ಲ. ಮೊದಲು ಕರೆಸಿಕೊಂಡವರಲ್ಲಿ ಒಬ್ಬರೂ ನನ್ನ ಊಟದ ರುಚಿ ನೋಡುವುದಿಲ್ಲ ಅನ್ನುತ್ತಾನೆ ಯಜಮಾನ. "ಅಷ್ಟು ಸಿಟ್ಟೇ ದೇವರಿಗೆ?" ಅಂತ ಒಬ್ಬಳು ಸದಸ್ಯೆ ಕೇಳಿದಳು. ಯಜಮಾನ ಯಾರಿಗೂ ದಂಡ ಹಾಕಲಿಲ್ಲ, ಅವರ ಹೊಲ ಕಿತ್ತುಕೊಳ್ಳಲಿಲ್ಲ. ಹೊಲ ಬೇಕು ಅಂದವನಿಗೆ ಹೊಲ ಉಳಿಯಿತು, ಎತ್ತು ಬೇಕು ಅಂದವನಿಗೆ ಎತ್ತು. ಅವರು ಆರಿಸಿಕೊಂಡದ್ದೇ ಅವರಿಗೆ ಸಿಕ್ಕಿತು, ಅದಷ್ಟೇ ಸಿಕ್ಕಿತು. ದೇವರು ಯಾರನ್ನೂ ಕೈಕಾಲು ಕಟ್ಟಿ ಎಲೆ ಮುಂದೆ ಕೂರಿಸುವುದಿಲ್ಲ. ಬೇಲಿ ಪಕ್ಕದವರನ್ನು ಬಲವಂತ ಮಾಡಿ ಕರೆತಾ ಅಂದದ್ದನ್ನು ಹಿಂದೆ ಕೆಲವರು ದಬ್ಬಾಳಿಕೆಗೆ ಬಳಸಿಕೊಂಡರು, ಅದು ತಪ್ಪು. ಯಾವತ್ತೂ ಯಾರೂ ಊಟಕ್ಕೆ ಕರೆಯದ ಬಡವ "ನನ್ನನ್ನೇ?" ಅಂತ ಅನುಮಾನಪಟ್ಟು ಹಿಂದೆ ಸರಿಯುತ್ತಾನಲ್ಲ, ಅವನ ಕೈ ಹಿಡಿದು ಒಳಗೆ ಕರೆದುಕೊಂಡು ಬರುವ ಬಲವಂತ ಅದು.

ಆದರೆ ಊಟಕ್ಕೆ ಒಂದು ಹೊತ್ತು ಅಂತ ಇದೆ. "ಮುಂದಿನ ವಾರ" ಅಂದವರಲ್ಲಿ ಕೆಲವರಿಗೆ ಆ ವಾರ ಬರಲಿಲ್ಲ ಅನ್ನುವುದನ್ನು ನಿಮ್ಮ ನಿಮ್ಮ ಊರಿನಲ್ಲೇ ನೀವು ಕಂಡಿದ್ದೀರಿ. ನಾನು ಈಗ ಬೆಳಗಿನ ಅರ್ಧ ಗಂಟೆ ಫೈಲನ್ನು ಇನ್ನೊಂದು ಕೋಣೆಯಲ್ಲಿಟ್ಟು ಬೀಗ ಹಾಕಿ ಪ್ರಾರ್ಥನೆಗೆ ಕೂರುತ್ತೇನೆ. ಎಲ್ಲ ದಿನವೂ ಮನಸ್ಸು ನಿಲ್ಲುತ್ತದೆ ಅಂತ ಹೇಳಲಾರೆ. ಬೀಗದ ಕೈ ಸೊಂಟದಲ್ಲೇ ಇರುತ್ತದಲ್ಲ!

ಸಂಘದಲ್ಲಿ ಮಾತಾಡಲು: ಕ್ರೈಸ್ತ ಸದಸ್ಯರು ಈ ಭಾಗವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ, ಈ ವಾರ ನೀವು ದೇವರಿಗೆ ಹೇಳಿದ ನೆಪ ಹೊಲದ್ದೋ, ಎತ್ತಿನದೋ, ಸಂಸಾರದ್ದೋ ಅಂತ ನೋಡಿಕೊಳ್ಳಿ. ಬೇರೆ ಧರ್ಮದ ಅಕ್ಕತಂಗಿಯರು ನಿಮ್ಮ ದೇವರಿಗೆ ಹೇಳಿ ಮರೆತ ಮಾತೊಂದನ್ನು ನೆನಪಿಸಿಕೊಂಡರೂ ಆಯಿತು. ಆಮೇಲೆ ಎಲ್ಲರೂ ಸೇರಿ ನಮ್ಮ ಹಿರಿಯ ಸದಸ್ಯೆಯ ಪ್ರಶ್ನೆಗೆ ಉತ್ತರ ಹುಡುಕಿ. ಆಳು ಬಾಗಿಲಿಗೆ ಬಂದಾಗ ಆ ಮೂರನೆಯವನ ಹೆಂಡತಿ ಒಳಗೇ ಇದ್ದಳು, ಕರೆ ಅವಳ ಕಿವಿಗೂ ಬಿತ್ತು. ಗಂಡನನ್ನು ಬಿಟ್ಟು ಅವಳನ್ನೇ ಕೇಳಿದ್ದರೆ ಅವಳು ಏನು ಹೇಳುತ್ತಿದ್ದಳು?